ಬಾಯಿ ಬಿಟ್ಟ ಮೀನು

ಸಾಕುಮೀನಿನ ಅಂಗಡಿಗೆ ಹಾಕಿದ ಬೀಗ ಹಾಕಿದಂತೆಯೇ ಇತ್ತು. ಗಾಜಿನ ತೊಟ್ಟಿಯ ಮುಚ್ಚಳವೂ ಮುಚ್ಚಿತ್ತು. ಒಳಗಿದ್ದ ಜಿರಾಫೆ ಮೀನು ಮಾತ್ರ ಮಾಯ!

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದಳು. ಠಾಣೆಯಲ್ಲಿ ಆಕೆಯ ಅಡ್ಡಹೆಸರು ‘ಉಡ’. ಹಿಡಿದರೆ ಬಿಡುವವಳಲ್ಲ. ಮೀನು ಹುಡುಕಲು ಹೊರಟವಳನ್ನು ಕಂಡು ಮೇಲಧಿಕಾರಿ ನಕ್ಕಿದ್ದ. ನಗಲಿ, ಹಲ್ಲು ಅವನದು.

“ಆಫ್ರಿಕಾದ ಸರೋವರದ್ದು ಮೇಡಂ. ಹಳದಿ ಮೈ, ಮೇಲೆ ಕಂದು ಮಚ್ಚೆ. ಹೆಣ್ಣು,” ಎಂದಳು ಅಂಗಡಿಯಾಕೆ. “ಸಂಜೆಯೊಳಗೆ ಸಿಗದಿದ್ರೆ ಅಂಗಡಿ ಭಾವನಿಗಂತೆ. ಅತ್ತೆ ತೀರ್ಮಾನ. ಒಂದು ಮೀನು ಕಾಯೋಕಾಗ್ದೋಳು ಅಂಗಡಿ ಏನು ಕಾಯ್ತಾಳೆ ಅಂತ.”

“ಕೊಡ್ತೀಯಾ?”

“ಕೈ ಮುರಿದು ಕಿತ್ಕೊಳ್ಳಲಿ!”

ಉಡಳಿಗೆ ಆ ಉತ್ತರ ಹಿಡಿಸಿತು.

“ಬೆಕ್ಕಿನ ಕೆಲ್ಸ ಬಿಡಿ,” ಎಂದ ಪಕ್ಕದ ದರ್ಜಿ.

“ತಿಂದ್ಮೇಲೆ ಮುಚ್ಚಳ ಮುಚ್ಚಿ ಹೋಗೋ ಬೆಕ್ಕಾ?”

ದರ್ಜಿ ಹೊಲಿಗೆಗೆ ಮರಳಿದ.

ತೊಟ್ಟಿಯ ಕಲ್ಲಿನ ಸಂದಿಯಲ್ಲಿ ಏನೋ ಮಿಸುಕಾಡಿತು. ಜೀರಿಗೆಯಷ್ಟೇ ಮೈ. ಮರಿಗಳು!

“ಅಮ್ಮನ ಬಾಯಲ್ಲಿದ್ವು!” ಅಂಗಡಿಯಾಕೆಯ ಕಣ್ಣು ತುಂಬಿತು. “ಈ ಜಾತಿಲಿ ತಾಯಿ ಊಟ ಬಿಟ್ಟು ಮರಿಗಳನ್ನ ಬಾಯಲ್ಲೇ ಸಾಕ್ತಾಳೆ. ಹೊರಗೆ ಬಿಟ್ಟಾಗಲೂ ನೆರಳು ಕಂಡ್ರೆ ಸಾಕು, ಅಮ್ಮನ ಬಾಯಿಗೇ ಓಡ್ತವೆ. ಗಂಡು ಮಾತ್ರ ಇದಕ್ಕೆ ತಲೆಹಾಕಲ್ಲ. ಬಲೆಗೆ ಬಿದ್ದಾಗ ಗಾಬರಿಲಿ ಉಗುಳಿರ್ಬೇಕು.”

“ಅಂಗಡಿಗೆ ಇನ್ನೊಂದು ಬೀಗದಕೈ?”

“ಅತ್ತೆ ಹತ್ರ. ಅತ್ತೆ ಇರೋದು ಭಾವನ ಮನೇಲಿ.”

“ಮರಿಗಳನ್ನ ಲೋಟಕ್ಕೆ ತುಂಬ್ಕೋ. ನಡಿ.”

\*\*\*

ಭಾವನ ಒಳಕೋಣೆಯಲ್ಲೊಂದು ತೊಟ್ಟಿ. ಅದರಲ್ಲಿ ಹಳದಿ ಮೈ, ಕಂದು ಮಚ್ಚೆ.

“ಇದು ನಂದು, ಮರಿಯಿಂದ ಸಾಕಿದ್ದು,” ಎಂದ ಭಾವ. “ಅವಳದ್ದು ಹೆಣ್ಣು, ಇದು ಗಂಡು. ಬೇಕಾದ್ರೆ ಮೀನನ್ನೇ ಕೇಳಿ!”

“ಕೇಳೋಣ,” ಎಂದು ಉಡ ಲೋಟವನ್ನು ತೊಟ್ಟಿಗೆ ಬಗ್ಗಿಸಿದಳು.

ಅಂಗಡಿಯಾಕೆ ಉಸಿರು ಬಿಗಿಹಿಡಿದಳು. ಮರಳಿನಲ್ಲಿ ಮೈ ಹುದುಗಿಸಿ ಕಾದಿದ್ದು, ಹತ್ತಿರ ಬಂದ ಸಣ್ಣ ಮೀನನ್ನು ಗಬಕ್ಕನೆ ನುಂಗುವ ಜಾತಿಯಿದು. ತನ್ನ ಮೀನಲ್ಲದಿದ್ದರೆ ಮರಿಗಳ ಕಥೆ ಮುಗಿದಂತೆಯೇ.

ಉಡ ತೊಟ್ಟಿಯ ಮೇಲೆ ಕೈಯಾಡಿಸಿದಳು. ನೆರಳು ಕಂಡದ್ದೇ ಮರಿಗಳು ಮೀನಿನ ಮೂತಿಗೇ ನುಗ್ಗಿದವು. ಮೀನು ಬಾಯಿ ತೆರೆಯಿತು. ಒಂದೂ ಹೊರಗುಳಿಯಲಿಲ್ಲ.

ಭಾವ ಗಹಗಹಿಸಿದ. “ನುಂಗೇಬಿಡ್ತು! ಇದಾ ತಾಯಿ?”

“ತಾಳಿ.” ಉಡ ಕೈ ಹಿಂದೆಗೆದಳು.

ಮೀನು ಮತ್ತೆ ಬಾಯಿ ಬಿಟ್ಟಿತು. ಒಂದರ ಹಿಂದೊಂದು ಮರಿಗಳು ಹೊರಬಂದವು, ಜೀವಂತವಾಗಿ.

ಭಾವನ ನಗು ಅಲ್ಲೇ ನಿಂತಿತು.

“ಗಂಡು ಬಾಯಲ್ಲಿ ಮರಿ ಸಾಕಲ್ಲ,” ಎಂದಳು ಉಡ. “ಬೀಗ ಒಡೆದಿಲ್ಲ, ಬೀಗದಕೈ ಈ ಮನೇದು. ಕತ್ತಲಲ್ಲಿ ನೀನು ತಾಯಿನ ಎತ್ಕೊಂಡೆ, ಉಗುಳಿದ ಮರಿ ಕಾಣ್ಲಿಲ್ಲ. ಹೆಣ್ಣು ಅಂದ್ರೆ ಸಿಕ್ಕಿಬೀಳ್ತೀನಿ ಅಂತ ಗಂಡು ಅಂದೆ. ಮೀನು ಬಾಯಿ ಬಿಟ್ಟಾಯ್ತು. ಇನ್ನು ನೀನು.”

“ಗಂಡಸು ನಾನಿರುವಾಗ ಅವಳಿಗ್ಯಾಕೆ ಅಂಗಡಿ?” ಎಂದು ಭಾವ ಗೊಣಗಿದ. ಅಷ್ಟು ಸಾಕಾಯಿತು.

ಬಾಗಿಲಲ್ಲಿ ನಿಂತಿದ್ದ ಅತ್ತೆ ಮೊಳೆಯಿಂದ ಬೀಗದಕೈ ತೆಗೆದು ಸೊಸೆಯತ್ತ ಚಾಚಿದಳು. “ತಗೋಮ್ಮ. ಇದೂ ನಿನ್ನ ಹತ್ರಾನೇ ಇರಲಿ.”

ಸೊಸೆ ಕೈ ಮುಂದೆ ಮಾಡಲಿಲ್ಲ.

“ನೀವೇ ಇಟ್ಕೊಳ್ಳಿ ಅತ್ತೆ. ನಾನು ಬೀಗಾನೇ ಬದಲಾಯಿಸ್ತೀನಿ.”