ಬೆಂಕಿ ಮುಟ್ಟದ ಕಾರು

"ಏನು ಬೇಕಾದ್ರೂ ಬಿಚ್ಚಿ. ಮುಂದಿನ ಸೀಟು ಮಾತ್ರ ಬಿಚ್ಚಬೇಡಿ," ಎಂದಳು ಕಾರಿನ ಯಜಮಾನರ ತಂಗಿ.

ಆ ಮಾತು ಮೇಸ್ತ್ರಿಯ ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ. ಅವನ ತಲೆ ಬಾನೆಟ್ಟಿನೊಳಗಿತ್ತು. ಹಳೇ ಕಾರುಗಳನ್ನು ಬಿಚ್ಚಿ, ತೊಳೆದು, ಜೋಡಿಸಿ ಮತ್ತೆ ರಸ್ತೆಗೆ ಇಳಿಸುವುದು ಅವನ ಕಸುಬು. ಗುಡ್ಡದ ಈ ಊರಿಗೆ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಹೋದ ಬೇಸಿಗೆಯ ಕಾಡ್ಗಿಚ್ಚಿನಲ್ಲಿ ಊರಿನ ಮೇಲಿನ ಬೀದಿಗಳು ಸಾಲಾಗಿ ಸುಟ್ಟುಹೋಗಿದ್ದವು. ಯಜಮಾನರ ಮನೆಯೂ ಹೋಗಿತ್ತು, ಅವರು ಜೀವಮಾನವಿಡೀ ಕೂಡಿಹಾಕಿದ್ದ ಹಳೇ ಕಾರುಗಳ ಶೆಡ್ಡೂ ಹೋಗಿತ್ತು.

ಶೆಡ್ಡಿನ ತಗಡು ಹಪ್ಪಳದಂತೆ ಸುರುಟಿಕೊಂಡಿತ್ತು. ಅದರ ಕೆಳಗೆ ಕಾರುಗಳು ಇದ್ದ ಜಾಗದಲ್ಲೇ ಕುಸಿದು ಕೂತಿದ್ದವು. ಟೈರು ಸುಟ್ಟು ಬರೀ ತಂತಿಯ ಸುರುಳಿ ಉಳಿದಿತ್ತು. ಗಾಜು ಕರಗಿ ಹರಿದು ಬಾಗಿಲ ಮೇಲೆ ಗಟ್ಟಿಯಾಗಿತ್ತು. ಇಂಜಿನ್ನಿನ ಅಲ್ಯುಮಿನಿಯಂ ನೆಲದ ಮೇಲೆ ಕೆರೆ ಕಟ್ಟಿಕೊಂಡು ಹೊಳೆಯುತ್ತಿತ್ತು. ಎಷ್ಟೋ ತಿಂಗಳ ಮೇಲೂ ಸುಟ್ಟ ರಬ್ಬರಿನ ನಾತ ಗಂಟಲಿಗೆ ಅಂಟುತ್ತಿತ್ತು. ಇವೆಲ್ಲದರ ನಟ್ಟನಡುವೆ ಒಂದು ಕರಿ ಕಾರು, ಟೈರಿನಲ್ಲಿ ಗಾಳಿ ತುಂಬಿಕೊಂಡು, ಬಣ್ಣದ ಮೇಲೆ ಒಂದು ಗುಳ್ಳೆಯೂ ಏಳದೆ ನಿಂತಿತ್ತು.

ಮೇಸ್ತ್ರಿ ಕೇಳಿದ್ದೇ ಕೇಳಿದ. ಬಣ್ಣ ಕಂಪನಿಯದೇ ಇರಬೇಕಲ್ಲವೇ, ಕಾರ್ಬ್ಯುರೇಟರ್ ಬದಲಾಯಿಸಿದ್ದಾರೆಯೇ, ಕೊನೆಯ ಸಲ ಓಡಿಸಿದ್ದು ಯಾವಾಗ. ಅವಳು ಗೊತ್ತಿದ್ದಷ್ಟು ಹೇಳಿದಳು. ಮನೆ ಸುಟ್ಟ ಮೇಲೆ ಅಣ್ಣ ಕೀಲಿಯನ್ನು ತನ್ನ ಕೈಗಿಟ್ಟು ನಡೆದುಕೊಂಡೇ ಹೋದನೆಂದೂ, ಮತ್ತೆ ಬರಲಿಲ್ಲವೆಂದೂ ಹೇಳಿದಳು. ಗಾಡಿ ತನ್ನ ಕಣ್ಣೆದುರಿನಿಂದ ಹೋದರೆ ಸಾಕು, ಬೇರೇನೂ ಬೇಡ ಎಂದಳು. ಆಮೇಲೆ ಮತ್ತೆ ಸೀಟಿನ ಮಾತಿಗೆ ಬಂದಳು.

"ಪ್ರತಿ ಬೇಸಿಗೆ ಗುಡ್ಡ ಉರಿಯೋದು ನೋಡಿ ಅಣ್ಣ ಮಾಟ ಮಾಡಿಸಿದ್ದ. ಬೆಂಕಿ ಈ ಗಾಡೀನ ಮುಟ್ಟಬಾರದು ಅಂತ. ಸೀಟಿನೊಳಗೆ ನಮ್ಮ ಅತ್ತಿಗೆಯ ಕೂದಲಿದೆ. ಅಕಸ್ಮಾತ್ ಬಿಚ್ಚಿದ್ರೂ, ನಿಮ್ಮವರದು ಅಂತ ಏನೂ ಅದರೊಳಗೆ ಸೇರಬಾರದು."

ಮೇಸ್ತ್ರಿ ನಕ್ಕ. "ಹಾಗಾದ್ರೆ ಈ ಊರವರು ಫೈರ್ ಇಂಜಿನ್ ಯಾಕೆ ಸಾಕ್ತಾರೆ? ಊರಿಗೊಂದು ಜಡೆ ಸಾಕಾಗಿತ್ತಲ್ಲ."

ಅವಳು ನಗಲಿಲ್ಲ. ಮೇಸ್ತ್ರಿ ಬಾಗಿಲು ತೆಗೆದ. ಗಾಜುಗಳೆಲ್ಲ ಮೇಲೇರಿಸಿದ್ದರೂ ಮುಂದಿನ ಉದ್ದ ಸೀಟಿನ ಎಡಗಡೆಗೆ ಸಣ್ಣಗೆ ಜರಡಿ ಹಿಡಿದಂಥ ಬೂದಿ ಬಿದ್ದಿತ್ತು. ಎಲ್ಲಿಂದ ನುಗ್ಗಿತೋ ಎಂದುಕೊಂಡು ಅವನು ಹೆಗಲ ಮೇಲಿನ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಹೊರಗೆ ಕೊಡವಿದ. ಯಜಮಾನರ ತಂಗಿ ಮುಖ ಆಚೆ ತಿರುಗಿಸಿಕೊಂಡಳು.

ಕಾರು ಮನೆಗೆ ಬಂತು. ಮನೆ ಊರಿನ ಅಂಚಿನಲ್ಲಿತ್ತು, ಹಿತ್ತಿಲಿನಿಂದಲೇ ಗುಡ್ಡ ಏರುತ್ತಿತ್ತು. ಹೆಂಡತಿ ಬಾಗಿಲಿಗೆ ಒರಗಿ ನಿಂತು, "ಬಂದಳಾ ಸವತಿ? ಈ ಸಲ ಕಪ್ಪಗಿದ್ದಾಳೆ," ಎಂದಳು. ಅವನು ತಂದ ಪ್ರತಿಯೊಂದು ಕಾರೂ ಅವಳಿಗೆ ಸವತಿಯೇ. ಆದರೆ ಆ ಸವತಿಯರಿಗೆಲ್ಲ ಬಟ್ಟೆ ಹೊಲಿಯುವವಳೂ ಅವಳೇ. ಸೀಟು ಕಟ್ಟುವುದರಲ್ಲಿ ಅವಳ ಕೈಗೆ ಸಾಟಿ ಇರಲಿಲ್ಲ. ನಡುಬೆರಳಿಗೆ ಹಿತ್ತಾಳೆಯ ಟೊಪ್ಪಿಗೆ ಹಾಕಿಕೊಂಡು ದಪ್ಪ ಚರ್ಮಕ್ಕೆ ಸೂಜಿ ಒತ್ತುವ ಅವಳ ವೇಗಕ್ಕೆ ಅವನೇ ಎಷ್ಟೋ ಸಲ ಕೆಲಸ ಬಿಟ್ಟು ನೋಡುತ್ತ ನಿಂತಿದ್ದುಂಟು.

ಅವಳದೊಂದು ಗುರುತಿತ್ತು. ಒಮ್ಮೆ ಒಬ್ಬ ಅವಳು ಕಟ್ಟಿದ ಸೀಟನ್ನು ತನ್ನದೆಂದು ಸಾಧಿಸಿದ್ದ. ಅಂದಿನಿಂದ ಅವಳು ಪ್ರತಿ ಸೀಟಿನ ಕೊನೆಯ ಹೊಲಿಗೆಯ ಅಡಿಯಲ್ಲಿ ತನ್ನದೊಂದು ಕೂದಲು ಸೇರಿಸಿ ಗಂಟು ಹಾಕುತ್ತಿದ್ದಳು. ಗಂಡಹೆಂಡಿರಿಗೆ ಬಿಟ್ಟರೆ ಅದು ಯಾರಿಗೂ ತಿಳಿಯದು.

ಕರಿ ಕಾರಿನ ಸೀಟಿನಲ್ಲಿ ಒಂದು ಸ್ಪ್ರಿಂಗ್ ಕುಸಿದಿತ್ತು. ಕೂತರೆ ಎಡಕ್ಕೆ ವಾಲುತ್ತಿತ್ತು. ಅಂಥ ಸೀಟನ್ನು ಹಾಗೇ ಬಿಡುವುದು ಮೇಸ್ತ್ರಿಯ ಜಾಯಮಾನದಲ್ಲಿ ಇರಲಿಲ್ಲ. ಅವನೇ ಬಿಚ್ಚಿದ. ಒಳಗೆ ತೆಂಗಿನ ನಾರು, ಕುದುರೆಯ ಕೂದಲು, ಅದರ ಮಧ್ಯೆ ಸುತ್ತಿಟ್ಟ ಒಂದು ಜಡೆ. ಮನುಷ್ಯರ ಜಡೆ, ಉದ್ದನೆಯದು. ಅದಕ್ಕೆ ಕಪ್ಪು ದಾರ ಬಿಗಿದು, ಮೊಳೆಯಿಂದ ಏನೋ ಗೀಚಿದ ತಾಮ್ರದ ತಗಡು ಸುತ್ತಿದ್ದರು. ಕೋಣೆಯ ತುಂಬ ಸೀದ ಕೂದಲಿನ ವಾಸನೆ ಎದ್ದಿತು. ಜಡೆಯೇನೋ ಸೀದಿರಲಿಲ್ಲ.

ತೆಗೆದು ಎಸೆದಿದ್ದರೆ ಮುಗಿಯುತ್ತಿತ್ತು. ಆದರೆ ಈ ಕಸುಬಿನವರಿಗೆ ಒಂದು ಹಟ ಇರುತ್ತದೆ: ಗಾಡಿಯೊಳಗೆ ಬಂದದ್ದು ಗಾಡಿಯೊಳಗೇ ಹೋಗಬೇಕು. ಮೇಸ್ತ್ರಿ ಸ್ಪ್ರಿಂಗ್ ಸರಿಮಾಡಿ, ಜಡೆಯನ್ನು ಇದ್ದ ಹಾಗೆಯೇ ಇಟ್ಟು, ಹೊಲಿಯಲು ಕೊಟ್ಟ. ಯಜಮಾನರ ತಂಗಿ ಆಡಿದ ಮಾತನ್ನು ನಗುತ್ತಲೇ ಹೆಂಡತಿಗೆ ಹೇಳಿದ. ಅವಳು ಕೊನೆಯ ಹೊಲಿಗೆಗೆ ಬಂದು ಸೂಜಿ ನಿಲ್ಲಿಸಿದಳು.

"ಇದಕ್ಕೆ ನನ್ನ ಗುರುತು ಬೇಡ."

"ಯಾಕೆ? ಬೇರೆ ಸವತೀರಿಗೆಲ್ಲ ಹಾಕಿದ್ದೀಯ."

"ಯಾಕೋ ಬೇಡ ಅನ್ನಿಸ್ತಿದೆ."

ಅವನು ಹಿಂದಿನಿಂದ ಬಂದು ಅವಳ ನೆತ್ತಿಯಿಂದ ಒಂದು ಕೂದಲು ಕಿತ್ತ. ಅವಳು ಸ್ಸ್ ಎಂದಳು. ಅವನೇ ಅದನ್ನು ಹೊಲಿಗೆಯಡಿ ತೂರಿಸಿ, ಅವಳ ಕೈಯ ಮೇಲೆ ಕೈಯಿಟ್ಟು ಗಂಟು ಎಳೆದ. ಅದು ತಮಾಷೆಯಾಗಿತ್ತು. ಅವಳೂ ಕೊನೆಗೆ ನಕ್ಕಳು.

ಮರುದಿನ ಮೇಸ್ತ್ರಿ ಕಾರಿನೊಳಗೆ ಕೂತು ಬೀಡಿ ಹಚ್ಚಲು ಹೋದ. ಕಡ್ಡಿ ಗೀರಿದರೆ ಹೊತ್ತಿಕೊಳ್ಳಲಿಲ್ಲ. ಹೊರಗೆ ಕೈಚಾಚಿ ಗೀರಿದರೆ ಹೊತ್ತಿತು, ಒಳಗೆ ತಂದೊಡನೆ ಯಾರೋ ಊದಿದಂತೆ ಆರಿತು. ಅವನಿಗೆ ಮೋಜೆನಿಸಿತು. ಮನೆ ಪಕ್ಕದ ತನ್ನ ಕಾರ್ಖಾನೆಗೆ ಬಂದವರಿಗೆಲ್ಲ ಮಾಡಿ ತೋರಿಸಿದ.

ಹೆಂಡತಿ ತೋರಿಸಿದ್ದು ಬೇರೆ. ಒಂದು ಬೆಳಗ್ಗೆ ಅವನನ್ನು ಅಡುಗೆಮನೆಗೆ ಕರೆದು, ಒಲೆ ಹಚ್ಚಿ, ಎಡಕ್ಕೆ ನಿಂತಳು. ಉರಿ ಎಡಕ್ಕೆ ಬಾಗಿತು. ಬಲಕ್ಕೆ ಬಂದಳು. ಉರಿ ಬಲಕ್ಕೆ ಹೊರಳಿತು. ಅವನು ಗಾಳಿ ಎಂದ. ಎದ್ದು ಕಿಟಕಿ ಮುಚ್ಚಿದ. ಉರಿ ಅವಳ ಕಡೆಗೇ ಚಾಚಿಕೊಂಡಿತ್ತು. ಅವನು ನೋಡಿದ, ಆದರೂ ಗಾಳಿಯೇ ಎಂದು ಹೇಳಿ ಕೆಲಸಕ್ಕೆ ಹೋದ. ಅಂದಿನಿಂದ ಅವಳು ಒಲೆಯಿಂದ ದೂರ ನಿಂತು ಅಡುಗೆ ಮಾಡತೊಡಗಿದಳು. ಸವತಿ ಎನ್ನುವುದನ್ನೂ ಬಿಟ್ಟಳು.

ಬೇಸಿಗೆ ಬಂತು. ಒಂದು ಮಧ್ಯಾಹ್ನ ಬಿಸಿಲು ಇದ್ದಕ್ಕಿದ್ದಂತೆ ಕೆಂಪಾಯಿತು, ಆಮೇಲೆ ಕಂದಾಯಿತು, ಆಮೇಲೆ ಇರಲೇ ಇಲ್ಲ. ಗುಡ್ಡದ ಆಚೆಯಿಂದ ದೊಡ್ಡ ಬಟ್ಟೆ ಹರಿಯುವಂಥ ಸದ್ದು ಬರುತ್ತಿತ್ತು. ಮೈಕಿನವರು ಕೂಗುತ್ತ ಹೋದರು, ಇದ್ದದ್ದು ಬಿಟ್ಟು ಹೊರಡಿ ಎಂದು. ಎದುರುಮನೆಯವರು ತಮ್ಮ ಡಕೋಟಾ ಕಾರಿಗೆ ಮುದುಕಿಯನ್ನೂ ನಾಯಿಯನ್ನೂ ತುಂಬುತ್ತಿದ್ದರು. ಹೆಂಡತಿ ಒದ್ದೆ ಬಟ್ಟೆ ಮೂಗಿಗೆ ಕಟ್ಟಿಕೊಂಡು ಗೇಟಿನ ಬಳಿಯಿದ್ದ ವ್ಯಾನಿನ ಕಡೆ ಓಡಿದಳು.

"ವ್ಯಾನ್ ಬೇಡ," ಎಂದ ಮೇಸ್ತ್ರಿ. ಕರಿ ಕಾರಿನ ಬಾಗಿಲು ಹಿಡಿದು ನಿಂತಿದ್ದ. "ಇದರಲ್ಲಿ ಬಾ. ಇದನ್ನ ಬೆಂಕಿ ಮುಟ್ಟಲ್ಲ."

ಅವಳು ನಿಂತಳು. "ನಿಮಗೆ ಅದೆಲ್ಲ ನಂಬಿಕೆ ಇಲ್ಲ ಅಂತಿದ್ರಲ್ಲ."

ನಿಜ, ಅವನು ಯಾವುದನ್ನೂ ನಂಬಿರಲಿಲ್ಲ. ಈಗ ತನಗೆ ಬೇಕಾದ ಅರ್ಧವನ್ನು ಮಾತ್ರ ನಂಬಿದ್ದ. ಆರಿದ ಕಡ್ಡಿ ನೆನಪಿತ್ತು, ಬಾಗಿದ ಉರಿಯ ನೆನಪು ಬರಲಿಲ್ಲ. ಹೆಂಡತಿಯನ್ನು ಉಳಿಸಿಕೊಳ್ಳಬೇಕು, ಅಷ್ಟೇ ಅವನ ತಲೆಯಲ್ಲಿತ್ತು, ಅದರಲ್ಲಿ ಸುಳ್ಳಿಲ್ಲ. ಅವಳು ಅವನ ಮುಖ ನೋಡಿದಳು. ಬಂದು ಎಡಗಡೆ ಕೂತಳು. ಅವನು ಬಾಗಿಲು ಹಾಕಿ, ಗಾಜು ಏರಿಸಿದ.

ಇಳಿಜಾರಿನ ರಸ್ತೆಯ ಎರಡೂ ಬದಿ ಉರಿಯುತ್ತಿತ್ತು. ಮರಗಳು ಒಂದೊಂದೇ ಸಿಡಿಯುತ್ತಿದ್ದವು. ಮೊದಲ ತಿರುವು. ಬೆಂಕಿ ರಸ್ತೆಗೆ ಇಳಿಯಿತು. ಮೇಸ್ತ್ರಿ ಕಾಲು ಒತ್ತಿದ. ಬಾನೆಟ್ಟಿನ ಮುಂದೆ ಉರಿ ಎರಡಾಗಿ ಸೀಳಿತು. ಗಾಜಿಗೆ ಕೈಯಿಟ್ಟ. ತಣ್ಣಗಿತ್ತು. ಒಳಗೆ ನೆಲಮಾಳಿಗೆಯ ತಂಪು. ಕಿಡಿಗಳು ಬಣ್ಣಕ್ಕೆ ತಾಗದೆ ಜಾರಿದವು. ಅವನು ಗಟ್ಟಿಯಾಗಿ ನಕ್ಕ. ನೋಡಿದೆಯಾ, ನಾನು ಹೇಳಲಿಲ್ಲವಾ ಎಂದ. ಅವಳು ಮಾತಾಡಲಿಲ್ಲ. ಹೆದರಿದ್ದಾಳೆ ಎಂದುಕೊಂಡ. ಇನ್ನೊಂದು ತಿರುವು. ಹೊಗೆ. ರಸ್ತೆ ಕಾಣಲಿಲ್ಲ. ಸ್ಟೀರಿಂಗ್ ತಾನೇ ತಿರುಗಿತು. ಮುಂದಿನ ಗಾಜಿನಿಂದ ಕಣ್ಣು ಕೀಳಲಾಗಲಿಲ್ಲ. ಆಗ ವಾಸನೆ ಬಂತು. ಸೀದ ಕೂದಲು. ಆಮೇಲೆ ಕೂದಲಲ್ಲ. ಅವನು ಅವಳನ್ನು ಕರೆದ. ಮತ್ತೆ ಕರೆದ. ಸೇತುವೆ ಬಂತು. ಬೆಳಕು ಬಂತು. ಏನೋ ಟಣ್ಣೆಂದು ಕಾಲ ಬಳಿ ಉರುಳಿತು. ಹಿತ್ತಾಳೆಯ ಟೊಪ್ಪಿಗೆ. ಅವನು ಎಡಕ್ಕೆ ತಿರುಗಿದ.

ಸೀಟಿನ ಮೇಲೆ ಸಣ್ಣನೆಯ ಬೂದಿ ಇತ್ತು. ಚರ್ಮ ಕಂದಿರಲಿಲ್ಲ. ಹೊಲಿಗೆ ಒಂದೂ ಬಿಟ್ಟಿರಲಿಲ್ಲ.

ಸೇತುವೆಯಾಚೆ ಶಾಲೆಯ ಹಾಲಿನಲ್ಲಿ ಮನೆ ಬಿಟ್ಟು ಬಂದವರಿಗೆ ಚಾಪೆ ಹಾಕಿದ್ದರು. ಎದುರುಮನೆಯವರು ಅದೇ ರಸ್ತೆಯಲ್ಲಿ, ಅದೇ ಹೊಗೆಯಲ್ಲಿ, ಕೆಮ್ಮುತ್ತ ಬಂದು ಸೇರಿದ್ದರು. ಡಕೋಟಾ ಕಾರಿನ ಬಣ್ಣ ಬೆಂದು ಸುಲಿದಿತ್ತು. ಮುದುಕಿ ನಾಯಿಗೆ ಬನ್ನು ತಿನ್ನಿಸುತ್ತಿದ್ದಳು. ಮೇಸ್ತ್ರಿ ನೋಡಿದ. ಏನೂ ಅನ್ನಿಸಲಿಲ್ಲ. ಯಾರೋ ಚಹಾ ಕೊಟ್ಟರು, ಕುಡಿದ. ಹೆಂಡತಿ ಎಲ್ಲಿ ಎಂದರು, ಕಾರಿನಲ್ಲಿದ್ದಾಳೆ ಎಂದ. ಅತ್ತರೆ ಹಗುರವಾಗುತ್ತದೆಂದು ಹೇಳುತ್ತಾರೆ. ಅವನಿಗೆ ಅಳು ಬರಲಿಲ್ಲ, ಮೈಯಲ್ಲಿ ಯಾವುದೂ ತನ್ನದೆನ್ನಿಸಲಿಲ್ಲ.

ಸಂಜೆಗೆ ಯಜಮಾನರ ತಂಗಿ ಬಂದಳು. ಕಾರನ್ನು ದೂರದಿಂದಲೇ ನೋಡಿದಳು. ಹತ್ತಿರ ಬಂದು ಗಾಜಿನೊಳಗೆ ಇಣುಕಿದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

"ಅಣ್ಣನೂ ಹೀಗೇ ಮಾಡಿದ್ದು," ಎಂದಳು. "ರಸ್ತೆ ಕಟ್ಟಿತ್ತು. ಅತ್ತಿಗೇನ ಈ ಗಾಡಿಯೊಳಗೆ ಕೂರಿಸಿ, ನೀನಿಲ್ಲಿ ಭದ್ರವಾಗಿರ್ತೀಯ ಅಂತ ಹೇಳಿ, ಬೇರೆ ಗಾಡಿಗಳಿಗೆ ನೀರು ಹೊಡೆಯೋಕೆ ಹೋದ. ಬೆಂಕಿ ಬರಿಗೈಲಿ ಹೋಗಲ್ಲ. ಗಾಡೀನ ಬಿಡಬೇಕಂದ್ರೆ, ಕೂದಲು ಯಾರದೋ ಅವರು ಬೇಕು ಅದಕ್ಕೆ."

"ಇದನ್ನ ಅವತ್ತು ಯಾಕೆ ಹೇಳಲಿಲ್ಲ?" ಎಂದ ಮೇಸ್ತ್ರಿ. ದನಿಯಲ್ಲಿ ಸಿಟ್ಟಿರಲಿಲ್ಲ.

ಅವಳು ಗಾಜಿನಿಂದ ಹಿಂದೆ ಸರಿದಳು. "ನೀವು ಗಾಡಿ ಹೇಗೆ ಉಳೀತು ಅಂತ ಕೇಳಿದ್ರಿ. ಅತ್ತಿಗೆ ಎಲ್ಲಿ ಹೋದಳು ಅಂತ ಕೇಳಲಿಲ್ಲ. ಯಾರಾದ್ರೂ ಒಬ್ಬರು ಕೇಳಿದ್ರೆ ಎಲ್ಲಾ ಹೇಳೋಣ ಅಂತ ಕಾಯ್ತಿದ್ದೆ." ಆಮೇಲೆ ಮೆಲ್ಲಗೆ, "ಆ ಬೂದೀನ ನೀವು ಒರೆಸಿಬಿಟ್ರಿ," ಎಂದಳು.

ಮರುದಿನ ಬೆಳಗ್ಗೆ ಶಾಲೆಯ ಅಂಗಳದಲ್ಲಿ ಕಾರಿನ ಸುತ್ತ ಜನ ಸೇರಿದರು. ಸುಟ್ಟ ಮನೆಗಳ ಸುದ್ದಿ ಹೇಳಿ ಹೇಳಿ ಬೇಸತ್ತವರಿಗೆ ನೋಡಲು ಒಂದು ಸೋಜಿಗ ಸಿಕ್ಕಿತ್ತು. ಚೆನ್ನಾಗಿ ಬಟ್ಟೆ ತೊಟ್ಟ ಒಬ್ಬ ಕಾರಿಗೆ ಪ್ರದಕ್ಷಿಣೆ ಹಾಕಿದ. ಬಾನೆಟ್ಟು ಸವರಿದ. ಕೂದಲೂ ಕೊಂಕಿಲ್ಲವಲ್ಲ ಎಂದು ಬೆರಗಾದ. ಇಂಜಿನ್ನು ಹೇಗಿದೆ, ಬಣ್ಣ ಕಂಪನಿಯದೇ ತಾನೆ ಎಂದು ಕೇಳಿದ. ಮೇಸ್ತ್ರಿ ಅವನ ಬಾಯನ್ನೇ ನೋಡುತ್ತಿದ್ದ, ಇನ್ನೊಂದು ಪ್ರಶ್ನೆ ಬರುತ್ತದೇನೋ ಎಂದು. ಬರಲಿಲ್ಲ.

"ಒಳಗೆಲ್ಲ ಬೂದಿ ಬಿದ್ದಿದೆ," ಎಂದು ಆ ಮನುಷ್ಯ ಬಾಗಿಲು ತೆಗೆದು, ಜೇಬಿನಿಂದ ಕರವಸ್ತ್ರ ಎಳೆದ.

ಮೇಸ್ತ್ರಿ ಅವನ ಮುಂಗೈ ಹಿಡಿದ. ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ಆ ಮನುಷ್ಯನ ಬೆರಳುಗಳು ಬೆಳ್ಳಗಾದವು. ಮೇಸ್ತ್ರಿಯ ಹೆಗಲ ಮೇಲೆ ಅವತ್ತು ಯಜಮಾನರ ಶೆಡ್ಡಿನ ಮುಂದೆ ಕೊಡವಿದ ಅದೇ ಬಟ್ಟೆ ಇತ್ತು. ಅದಾದ ಮೇಲೆ ಅದರಲ್ಲೇ ಅವನು ಎಷ್ಟೋ ಸಲ ಮುಖ ಒರೆಸಿಕೊಂಡಿದ್ದ.