ಕೇರ್ ಪೊದೆಯ ಮೂತಿಹುಳು

ಕೀಟಶಾಸ್ತ್ರಜ್ಞೆ ಶಶಿರೇಖಾ ಮುನವಳ್ಳಿ ಕೇರ್ ಎಂಬ ಮುಳ್ಳುಪೊದೆಯಲ್ಲಿ ಸಿಕ್ಕ ಹುಳುವಿನ ಒಂದು ಕಾಲನ್ನು ಚಿಮುಟದಿಂದ ಮುರಿದು ಕುಲದರ್ಶಕದ ಕಿಂಡಿಗೆ ಹಾಕಿದಳು. ಅಂಗೈಯಗಲದ ಆ ಯಂತ್ರ ವಂಶವಾಹಿಯನ್ನು, ಅಂದರೆ ಜೀವಕೋಶದಲ್ಲಿ ಅಡಗಿರುವ ತಲೆಮಾರುಗಳ ಗುರುತನ್ನು, ಓದಿ ಕ್ಷಣದಲ್ಲಿ ಹೆಸರು ಹೇಳುತ್ತಿತ್ತು. ಹೊರದೇಶದ ಮೂತಿಹುಳುವೊಂದು ಉಗ್ರಾಣಗಳ ಗೋಧಿಯನ್ನೆಲ್ಲ ತಿಂದು ಕ್ಷಾಮ ತಂದ ಮೇಲೆ ಥಾರ್ ಮರುಭೂಮಿಯ ಗಡಿಯುದ್ದಕ್ಕೂ ಇದೇ ಕಾವಲು. ಹೆಸರು ಸಿಗದಿದ್ದರೆ ಆ ಜಾಗವನ್ನು ಸುಡಲು ಯಂತ್ರವೇ ಬೆಂಕಿ ಡ್ರೋನುಗಳನ್ನು ಕರೆಯುತ್ತಿತ್ತು.

ಕಪ್ಪು ಮೈ, ಸೊಂಡಿಲಿನಂಥ ಮೂತಿ, ಬೆನ್ನ ಮೇಲೆ ಬೂದು ಪಟ್ಟೆ. ಪರದೆಯಲ್ಲಿ ಮೂಡಿತು: ‘ಅಪರಿಚಿತ’.

“ಏನಂತೆ, ಬಾಯಿಸಾ?” ಆಡು ಕಾಯುತ್ತಿದ್ದ ಹರ್ಜೀರಾಮ್ ಕೇಳಿದ. ಎಲೆಯಿಲ್ಲದ ಕೇರ್ ಪೊದೆಗಳ ನಡುವೆ ಅವನ ಮಂದೆ ಮಲಗಿತ್ತು.

“ಕಾಕಾ, ಆಡುಗಳನ್ನ ಹೊರಗೆ ಹೊಡೀರಿ. ಬೇಗ!”

ಅವಳು ನಿಯಂತ್ರಣ ಕೇಂದ್ರಕ್ಕೆ ಫೋನ್ ಮಾಡಿದಳು. “ನಿಲ್ಲಿಸಿ! ಇಲ್ಲಿ ಜನ ಇದ್ದಾರೆ!”

“ಹುಳದ ಹೆಸರು ಹೇಳಿ ಮೇಡಂ, ನಿಲ್ಲಿಸ್ತೀನಿ. ಹೆಸರಿಲ್ಲದೆ ನನಗೆ ಅಧಿಕಾರ ಇಲ್ಲ.”

ಯಾವ ಹೆಸರಾದರೂ ಸಾಕಿತ್ತು. ಆದರೆ ಗೊತ್ತಿಲ್ಲದ್ದನ್ನು ಗೊತ್ತು ಅಂದವಳಲ್ಲ ಅವಳು. ಮತ್ತೆ ಕ್ಷಾಮ ಬಂದರೆ? ಅವಳು ಪರದೆಯನ್ನು ಮತ್ತೊಮ್ಮೆ ನೋಡಿದಳು. ಕೊನೆಗೆ ಸುಳ್ಳು ಹೆಸರೊಂದನ್ನು ಕಿರುಚುವಷ್ಟರಲ್ಲಿ ಮೊದಲ ಪೊದೆ ಭುಗಿಲೆಂದಿತು.

ಮೈಗೆ ಉರಿ ಹತ್ತಿದ ಆಡುಗಳು ಅರಚುತ್ತ ಒಂದರ ಮೇಲೊಂದು ಬಿದ್ದವು. ಮರಿಯೊಂದನ್ನು ಎಳೆದುಕೊಳ್ಳಲು ನುಗ್ಗಿದ ಹರ್ಜೀರಾಮನ ಮುಂಡಾಸು, ಧೋತರ ಎರಡೂ ಹೊತ್ತಿಕೊಂಡವು. ಶಶಿರೇಖಾ ಅವನ ಕಾಲು ಹಿಡಿದು ಎಳೆದಳು. ಸುಟ್ಟ ಚರ್ಮ ಕೈಗೇ ಬಂತು. ಮರಳಿನಲ್ಲಿ ಹೊರಳಾಡಿ ಹೊರಳಾಡಿ ಅವನು ಸತ್ತ.

ಓಡಿ ಬಂದ ಅವನ ಹೆಂಡತಿ ಸುಗನಾ ಕೋಲೆತ್ತಿ ಶಶಿರೇಖಾಳ ತಲೆಗೆ ಬಾರಿಸಿದಳು. ಮತ್ತೊಮ್ಮೆ ಬಾರಿಸಿದಳು. ಶಶಿರೇಖಾ ಕೈ ಅಡ್ಡ ಹಿಡಿಯಲಿಲ್ಲ.

ಹಣೆಗೆ ಹೊಲಿಗೆ ಹಾಕಿಸಿಕೊಂಡು ಅವಳು ಸೂಕ್ಷ್ಮದರ್ಶಕದ ಮುಂದೆ ಕೂತಳು. ಸೀಸೆಯಲ್ಲಿ ಉಳಿದಿದ್ದ ಹುಳುವಿನ ಮೂತಿಗೆ ಕೇರ್ ಹೂವಿನ ಪರಾಗ ಮೆತ್ತಿತ್ತು. ಧಾನ್ಯ ಕೊರೆಯುವಷ್ಟು ಬಲವಾದ ದವಡೆ ಅದಕ್ಕಿರಲಿಲ್ಲ. ದೂರದ ಪೊದೆಗಳಲ್ಲಿ ಹುಡುಕಿದಾಗ, ಹುಳು ಇದ್ದಲ್ಲೇ ಹೆಚ್ಚು ಕಾಯಿ ಕಟ್ಟಿದ್ದು ಕಂಡಿತು. ಅದು ಆ ನೆಲದ್ದೇ ಜೀವ. ಅದುವರೆಗೆ ಯಾರೂ ಗಮನಿಸಿರಲಿಲ್ಲ. ಅವಳು ಎಷ್ಟು ಹೋರಾಡಿದರೂ ಆ ಒಂದು ಜಿಲ್ಲೆಯಲ್ಲಿ ಮಾತ್ರ ಡ್ರೋನುಗಳನ್ನು ನಿಲ್ಲಿಸಿದರು.

ಅವಳು ಸುಗನಾಳ ಗುಡಿಸಲಿಗೆ ಹೋಗಿ ಎಲ್ಲವನ್ನೂ ಹೇಳಿದಳು, ತಾನು ಫೋನಿನಲ್ಲಿ ತಡಮಾಡಿದ್ದನ್ನೂ. “ಹುಳಕ್ಕೆ ಕಾಕಾನ ಹೆಸರಿಡಬೇಕು ಅಂತಿದೀನಿ.”

“ಬೇಡ. ಅವರಿಗೆ ಹೆಸರಿತ್ತು. ಅದನ್ನ ಯಾರೂ ಕೇಳಲಿಲ್ಲ.” ಬದುಕುಳಿದ ಆಡೊಂದರ ಸುಟ್ಟ ಗಾಯಕ್ಕೆ ಎಣ್ಣೆ ಸವರುತ್ತ ಸುಗನಾ ಕೇಳಿದಳು: “ನಿಮಗೆ ಹೆಸರು ಗೊತ್ತಿಲ್ಲದ ಹುಳ ಇನ್ನೆಷ್ಟಿವೆ?”

“ಗೊತ್ತಿರೋದಕ್ಕಿಂತ ಹೆಚ್ಚು.”

ಸುಗನಾ ತಲೆಯೆತ್ತಿದಳು. “ಹಾಗಾದ್ರೆ ಸುಡೋಕೆ ಇನ್ನೂ ಬಹಳ ಇದೆ ನಿಮಗೆ.”