ಬೇಕರಿಯ ಬ್ಯಾನರ್ ಪ್ರಕರಣ

ಮಂಗಳವಾರ ಬೆಳಿಗ್ಗೆ ಠಾಣೆಗೆ ಬಂದ ದೂರು ಕೇಳಿ ಹೆಡ್ ಕಾನ್‌ಸ್ಟೇಬಲ್‌ಗೆ ನಗು ತಡೆಯಲಾಗಲಿಲ್ಲ. ಜೈಲಿನಿಂದ ಬಿಡುಗಡೆಯಾದವರಿಗೆ ಕೆಲಸ ಕೊಡುವ ಬೇಕರಿಗೇ ಯಾರೋ ಕನ್ನ ಹಾಕಿದ್ದರು.

“ಕಳ್ಳರ ಮನೇಲೇ ಕಳ್ಳತನ ಸಾರ್. ಇದಕ್ಕೂ ಎಫ್‌ಐಆರ್ ಬೇಕಾ?”

“ಬೇಕು,” ಎಂದರು ದೂರು ತಂದ ಹೆಂಗಸು. ಬೇಕರಿ ನಡೆಸುವವರು ಅವರೇ. ಅಲ್ಲಿ ಎಲ್ಲರಿಗೂ ಅಕ್ಕ. “ಬೀದಿಯವರು ನಮ್ಮವರ ಕಡೆ ಬೆರಳು ತೋರಿಸೋ ಮೊದ್ಲು ಕಳ್ಳ ಯಾರು ಅಂತ ಗೊತ್ತಾಗ್ಬೇಕು. ಬರ್ಕೊಳ್ಳಿ.”

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಇಬ್ಬರು ಪಂಚರನ್ನು ಕರೆದುಕೊಂಡು ಹೊರಟರು.

ಸೋಮವಾರ ಬೇಕರಿಗೆ ರಜೆ. ಹಿತ್ತಲ ಕಿಟಕಿಯ ಗಾಜು ಒಡೆದಿತ್ತು, ಚೌಕಟ್ಟಿಗೆ ರಕ್ತ ಅಂಟಿತ್ತು. ಗಲ್ಲಾಪೆಟ್ಟಿಗೆಗೆ ಕೈ ಬಿದ್ದಿರಲಿಲ್ಲ. ಕಾಣೆಯಾದದ್ದು ಒಂದೇ ಒಂದು, ಸುರುಳಿ ಸುತ್ತಿಟ್ಟಿದ್ದ ಫ್ಲೆಕ್ಸ್ ಬ್ಯಾನರ್. ಅದು ಎಲ್ಲಿ ಹೋಯಿತೆಂದು ಹುಡುಕಬೇಕಾಗಲಿಲ್ಲ. ಬ್ರೆಡ್ಡಿನ ಒಲೆಯೊಳಗೆ ಕರಗಿ, ಕಲ್ಲಿಗೆ ಕಪ್ಪಗೆ ಕಚ್ಚಿಕೊಂಡು, ಇಡೀ ಕಟ್ಟಡ ಮೂಗು ಮುಚ್ಚಿಕೊಳ್ಳುವಂತೆ ನಾರುತ್ತಿತ್ತು.

“ಈ ಒಲೆ ಹೋಯ್ತು ಸಾರ್,” ಎಂದರು ಅಕ್ಕ. “ಎಲ್ರ ಊಟ ಇದ್ರಿಂದಲೇ.”

“ಬ್ಯಾನರ್‌ನಲ್ಲಿ ಏನಿತ್ತು?”

“ಇಲ್ಲಿ ಬದುಕು ಕಟ್ಕೊಂಡ ನಾಲ್ವರ ಫೋಟೋ. ಹೆಸರು, ಮೊದಲು ಏನು ಮಾಡಿದ್ರು, ಈಗ ಏನ್ಮಾಡ್ತಿದಾರೆ. ಇವತ್ತು ಬೀದಿಗೆ ಕಟ್ಟೋದಿತ್ತು.”

ಪಂಚನಾಮೆ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಆರಾಮವಾಗಿ ಹಿತ್ತಲ ಬಾಗಿಲಿಗೆ ಒರಗಿದ. ಬಾಗಿಲು ತೆರೆದುಕೊಂಡಿತು, ಅವನು ಕಾಗದ ಸಮೇತ ಹಿತ್ತಲಿಗೆ ಬಿದ್ದ.

ಅಕ್ಕ ಹಣೆ ಚಚ್ಚಿಕೊಂಡರು. “ಅಯ್ಯೋ, ಭಾನುವಾರ ಚಿಲಕ ಹಾಕೋದೇ ಮರ್ತಿದೀನಿ.”

ಇನ್‌ಸ್ಪೆಕ್ಟರ್ ನಗಲಿಲ್ಲ. “ಹೊರಗಿಂದ ಎಳೆದ್ರೆ ತೆರೆಯೋ ಬಾಗಿಲು. ಪಕ್ಕದಲ್ಲೇ ನಿಂತು ಗಾಜು ಒಡೆದಿದಾನೆ. ಬಾಗಿಲನ್ನ ಮುಟ್ಟಿ ಸಹ ನೋಡಿಲ್ಲ. ಎಂಥ ಕಳ್ಳ ಇವನು?”

“ಜೈಲಿಂದ ಬಂದವರು ಹಾಗೇ ಸಾರ್, ತುಂಬಾ ವರ್ಷ ಇದ್ದವರಂತೂ. ಬಾಗಿಲು ಕಂಡ್ರೆ ನಿಂತ್ಬಿಡ್ತಾರೆ, ಯಾರಾದ್ರೂ ಬಂದು ತೆಗೀಲಿ ಅಂತ. ಒಳಗಡೆ ಬಾಗಿಲು ಮುಟ್ಟೋ ಹಾಗಿಲ್ವಲ್ಲ. ನಾವು ತಮಾಷೆ ಮಾಡ್ತಿರ್ತೀವಿ...” ಅಷ್ಟು ಹೇಳಿ ಅಕ್ಕ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಅವರ ಮುಖ ಸಪ್ಪಗಾಯಿತು.

ಮಧ್ಯಾಹ್ನ ಫೋಟೋದ ನಾಲ್ವರಿಗೂ ಠಾಣೆಗೆ ಕರೆ ಹೋಯಿತು. ಇನ್‌ಸ್ಪೆಕ್ಟರ್ ತಮ್ಮ ಕೋಣೆಯ ಬಾಗಿಲು ಮುಚ್ಚಿಸಿ, ಒಬ್ಬೊಬ್ಬರನ್ನೇ ಒಳಗೆ ಕಳುಹಿಸಲು ಹೇಳಿದರು. ಒಂದೆರಡು ವರ್ಷ ಒಳಗಿದ್ದು ಬಂದ ಮೂವರು ಬಾಗಿಲು ತಳ್ಳಿಕೊಂಡು ಬಂದರು. ನಾಲ್ಕನೆಯವರು ಬರಲಿಲ್ಲ. ಕೊಲೆ ಕೇಸಿನಲ್ಲಿ ಹದಿಮೂರು ವರ್ಷ ಕಳೆದು ಬಂದ ಅವರನ್ನು ಬೇಕರಿಯಲ್ಲಿ ಒಲೆ ಮಾವ ಎನ್ನುತ್ತಿದ್ದರು.

“ಹೋಗಿ ಅಂತ ಎರಡು ಸಲ ಹೇಳ್ದೆ ಸಾರ್,” ಹೊರಗಿನಿಂದ ಹೆಡ್ ಕಾನ್‌ಸ್ಟೇಬಲ್ ಕೂಗಿದ. ಈಗ ಅವನ ದನಿಯಲ್ಲಿ ನಗುವಿರಲಿಲ್ಲ. “ನಿಂತೇ ಇದಾರೆ.”

ಬಾಗಿಲು ತೆಗೆದು ಕರೆತಂದರು. ಬಲಗೈಗೆ ಬಟ್ಟೆ ಸುತ್ತಿತ್ತು.

“ಕೈಗೇನಾಯ್ತು?”

“ಸುಟ್ಕೊಂಡೆ.”

“ಬಿಚ್ಚಿ.”

ಗಾಜಿನ ಗೀರು. ಒಲೆ ಮಾವ ಒಪ್ಪಿಕೊಂಡರು.

“ಯಾಕೆ ಮಾಡಿದ್ರಿ?”

“ಬೇಕರಿ ಎದುರಿನ ಕಣ್ಣಿನ ಆಸ್ಪತ್ರೇಲಿ ಒಂದು ಹುಡುಗಿ ಕೆಲಸಕ್ಕಿದೆ. ನನ್ನ ಮಗಳು. ಅಪ್ಪ ಸತ್ತುಹೋದ ಅಂತ ಎಲ್ರಿಗೂ ಹೇಳಿದಾಳೆ. ಅವಳದೇನೂ ತಪ್ಪಿಲ್ಲ ಬಿಡಿ. ಶನಿವಾರ ಬ್ರೆಡ್ಡಿಗೆ ಬರ್ತಾಳೆ, ಜೊತೇಲಿ ಆಸ್ಪತ್ರೆಯವರು ಇರ್ತಾರೆ. ಚೆನ್ನಾಗಿದೀರಾ ಅಂಕಲ್ ಅಂತಾಳೆ. ಚೆನ್ನಾಗಿದೀನಮ್ಮ ಅಂತೀನಿ. ಅಷ್ಟೇ ಸಾರ್, ನಮ್ಮ ಮಾತು. ಬ್ಯಾನರ್ ಕಟ್ಟಿದ್ರೆ, ಕೊಲೆ ಮಾಡಿದವನ ಹತ್ರ ನಿಂಗೇನೇ ಮಾತು ಅಂತ ಅವಳನ್ನ ಕೇಳಲ್ವಾ? ಆಮೇಲೆ ಬರ್ತಾಳಾ?”

“ಅಕ್ಕನಿಗೆ ಹೇಳ್ಬಹುದಿತ್ತು.”

“ಬೇಡ ಅಕ್ಕ ಅಂದೆ. ನಾಚ್ಕೋಬೇಡ, ನಿನ್ನ ನೋಡಿ ನಾಲ್ಕು ಜನಕ್ಕೆ ಧೈರ್ಯ ಬರುತ್ತೆ ಅಂದ್ರು. ಅನ್ನ ಕೊಟ್ಟವರಿಗೆ ಎಷ್ಟು ಸಲ ಬೇಡ ಅನ್ನೋದು?”

“ಒಲೇಲಿ ಯಾಕೆ ಹಾಕಿದ್ರಿ?”

“ಬಟ್ಟೆ ಥರ ಉರಿದು ಬೂದಿಯಾಗುತ್ತೆ ಅಂದ್ಕೊಂಡೆ.”

ಅವರು ಜೈಲಿಗೆ ಹೋದ ಕಾಲಕ್ಕೆ ಬ್ಯಾನರ್‌ಗಳನ್ನು ಬಟ್ಟೆಯ ಮೇಲೆ ಬರೆಯುತ್ತಿದ್ದರು.

ಸಂಜೆ ಅಕ್ಕ ಬಂದು ದೂರು ವಾಪಸ್ ಬೇಕೆಂದರು. ಎಫ್‌ಐಆರ್ ಆದಮೇಲೆ, ಅದೂ ಕನ್ನ ಹಾಕಿದ ಕೇಸನ್ನು, ತಾವು ಕೈಬಿಡುವ ಹಾಗಿಲ್ಲ ಎಂದು ಇನ್‌ಸ್ಪೆಕ್ಟರ್ ವಿವರಿಸಿದರು. “ನಾನೇ ಅಲ್ವಾ ಬರ್ಕೊಳ್ಳಿ ಅಂದವಳು,” ಎಂದು ಅಕ್ಕ ಬೆಂಚಿನ ಮೇಲೆ ಕೂತು ಅತ್ತರು. ಇನ್‌ಸ್ಪೆಕ್ಟರ್‌ಗೆ ಸಂಕಟವಾಯಿತು. ಸಂಕಟಪಡುವುದಕ್ಕಿಂತ ಹೆಚ್ಚಿನ ಅಧಿಕಾರ ಅವರಿಗೂ ಇರಲಿಲ್ಲ.

ಹೇಳಿಕೆ ಬರೆಯುವಾಗ ಒಲೆ ಮಾವ ಕೈಮುಗಿದರು. “ಮಗಳ ವಿಷಯ ಬೇಡ ಸಾರ್.”

“ಬರೆದ್ರೆ ಜಡ್ಜ್‌ಗೆ ಒಂಚೂರು ಕರುಣೆ ಬರಬಹುದು. ಇಲ್ದಿದ್ರೆ ಉಪಕಾರ ಮಾಡಿದವರಿಗೇ ಕೇಡು ಬಗೆದ ಅಂತಾರೆ.”

“ಅನ್ನಲಿ.”

ಬಂಧನದ ಕಾಗದ ಉಳಿದಿತ್ತು. ಅದನ್ನು ತುಂಬುತ್ತಾ ಇನ್‌ಸ್ಪೆಕ್ಟರ್ ಕೇಳಿದರು. “ಅರೆಸ್ಟ್ ಆದ ವಿಷಯ ಮನೆಯವರಿಗೆ ತಿಳಿಸ್ಲೇಬೇಕು. ಅದು ಕಾನೂನು. ಯಾರಿದಾರೆ?”

“ಯಾರೂ ಇಲ್ಲ.”

ಕಾರಣ ತಿಳಿದುಬಂದಿಲ್ಲ, ಸಂಬಂಧಿಕರು ಇಲ್ಲ ಎಂದು ಇನ್‌ಸ್ಪೆಕ್ಟರ್ ಬರೆದರು. ಒಲೆ ಮಾವ ಅದನ್ನು ಓದಿಸಿ ಕೇಳಿಸಿಕೊಂಡು ಸಹಿ ಹಾಕಿ, ಥ್ಯಾಂಕ್ಸ್ ಸಾರ್ ಎಂದರು.